ಕರಿಜಾಲಿಯ ತೊಲೆ

ಮಳೆಗಾಲ ಹತ್ತಿರ ಬಂತೆಂದರೆ ತೋಮಾಳ ಅಂಗಳದಲ್ಲಿ ಮೂಗು ಮುಚ್ಚಿಕೊಂಡೇ ಓಡಾಡಬೇಕು. ಕತ್ತೆಲದ್ದಿ, ಗೋಧಿ ಹೊಟ್ಟು, ನದಿಯಂಚಿನ ಕರಿಮಣ್ಣು ಮೂರನ್ನೂ ಗುಂಡಿಯಲ್ಲಿ ಕಲಸಿ, ನೀರು ಹೊಯ್ದು, ಹತ್ತು ಹನ್ನೆರಡು ದಿನ ಕೊಳೆಯಲು ಬಿಡುತ್ತಿದ್ದಳು. ಆ ಜಿಬಾಲಾ ಎಷ್ಟು ನಾರಿದರೆ ಗೋಡೆ ಅಷ್ಟು ಗಟ್ಟಿ ಎಂದು ಶೆಂದಿ ಊರಿನ ಹೆಂಗಸರ ನಂಬಿಕೆ. ವಯಸ್ಸು ಎಪ್ಪತ್ತು ದಾಟಿದರೂ ಮೆತ್ತುವ ಕೈ ತೋಮಾಳದೇ ಆಗಬೇಕು. ಆಳುಗಳನ್ನು ಕರೆಸುತ್ತೇನೆಂದು ಮಗ ಬಾಬಿಕರ್ ಪ್ರತಿ ವರ್ಷ ಹೇಳುವನು. ಆಳಿನ ಕೈಗೆ ನನ್ನ ಗೋಡೆಯ ಗುರುತಿಲ್ಲ ಎಂದು ಅವಳು ಪ್ರತಿ ವರ್ಷ ಹೇಳುವಳು. ಬಾಂಡಲಿ ಹೊರುವುದು ಮಾತ್ರ ಸೊಸೆ ಬತೂಲಳ ಪಾಲು. ಈ ಮನೆ ಸೇರಿ ಇಪ್ಪತ್ತೆರಡು ವರ್ಷವಾಗಿದ್ದರೂ ಒಂದು ಸಲವೂ ಅವಳ ಕೈ ಗೋಡೆ ಮುಟ್ಟಿರಲಿಲ್ಲ.

ಈ ವರ್ಷ ಅವಸರ ಹೆಚ್ಚು. ಬತೂಲಳ ಮಗಳು ಇಖ್ಲಾಸಳ ಮದುವೆಗೆ ಇನ್ನು ಏಳೇ ವಾರ. ಅಲ್ಲಿ ಹೆಚ್ಚಾಗಿ ಮದುವೆಯಾದ ಗಂಡು ಬಂದು ಇರುವುದು ಹೆಣ್ಣಿನ ಮನೆಯಲ್ಲೇ, ಮೊದಲ ಕೂಸು ಹುಟ್ಟುವ ತನಕವಾದರೂ. ಅವರಿಗೆಂದು ಪಡುವಣ ದೊಡ್ಡ ಕೋಣೆಯನ್ನು ಬಿಟ್ಟುಕೊಟ್ಟು ತೋಮಾ ತನ್ನ ಮಂಚವನ್ನು ಮುಂದಿನ ಕೋಣೆಗೆ ಹಾಕಿಸಿಕೊಂಡಿದ್ದಳು. ಅದು ಅವಳು ಮದುಮಗಳಾಗಿ ಕಾಲಿಟ್ಟ ಕೋಣೆ. ಗಂಡ ಹಸಬಲ್ಲಾ ದೋಣಿ ಕಟ್ಟುವವನು. ಹದಿನೆಂಟು ವರ್ಷದ ಹಿಂದೆ ಅವನು ಕಣ್ಣು ಮುಚ್ಚಿದ್ದೂ ಅಲ್ಲೇ.

ಆ ಕೋಣೆಯ ಒಳಗೋಡೆ ಮೆತ್ತುವಾಗ ಬತೂಲಳ ಕಣ್ಣಿಗೆ ಅದು ಬಿತ್ತು. ನೆಲದಿಂದ ಹೊರಟು, ಕಿಟಕಿಯನ್ನು ಬಳಸಿ, ನಡುತೊಲೆ ಗೋಡೆ ಸೇರುವ ಕಡೆಗೆ ಹತ್ತಿಹೋದ ಮಣ್ಣಿನ ಗೆರೆ. ಕಿರುಬೆರಳಿನಷ್ಟು ದಪ್ಪ. ಉಗುರಿನಿಂದ ಕೆರೆದಳು. ಹೊಪ್ಪಳೆ ಉದುರಿತು, ಒಳಗೆ ಟೊಳ್ಳು. ಬೆಳಕು ಬಿದ್ದದ್ದೇ ತಡ, ನುಚ್ಚಕ್ಕಿಯಂಥ ಬಿಳಿ ಹುಳುಗಳು ಮೇಲಕ್ಕೂ ಕೆಳಕ್ಕೂ ಓಡಿದವು.

"ಅತ್ತೆ, ಗೆದ್ದಲು."

"ಎಲ್ಲಿ?"

"ಇಲ್ಲಿ ನೋಡಿ. ತೊಲೆ ತನಕ ಹೋಗಿದೆ."

ತೋಮಾ ನೋಡಲು ಬಗ್ಗಲಿಲ್ಲ. ಬಾಂಡಲಿಯಿಂದ ಒಂದು ಮುಷ್ಟಿ ಎತ್ತಿ ಆ ಜಾಗಕ್ಕೆ ಪಟ್ಟೆಂದು ಬಡಿದಳು. "ಹೋದ ವರ್ಷದ ಮಳೆ ನೀರಿಳಿದ ಗೆರೆ ಅದು."

"ನೀರಿನ ಗೆರೆ ಕಿಟಕಿ ಸುತ್ತಿಕೊಂಡು ಹೋಗುತ್ತಾ ಅತ್ತೆ? ಹುಳ ಓಡಿದ್ದು ಕಣ್ಣಾರೆ ಕಂಡೆ."

"ಬಿಸಿಲಲ್ಲಿ ಓಡಾಡಿ ನಿನ್ನ ಕಣ್ಣು ಮಂಜಾಗಿದೆ. ಹೋಗು, ಇನ್ನೊಂದು ಬಾಂಡಲಿ ತಾ."

ಬತೂಲ್ ಬಾಂಡಲಿ ತುಂಬಿಕೊಂಡು ಬರುವಷ್ಟರಲ್ಲಿ ಗೆರೆ ಇರಲಿಲ್ಲ. ಗೋಡೆ ಬೆಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು. ತೋಮಾ ಮೇಜಿನ ಮೇಲೆ ಹತ್ತಿ ನಿಂತು, ತೊಲೆ ಗೋಡೆಗೆ ಹೊಕ್ಕ ಸಂದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮುಚ್ಚುತ್ತಿದ್ದಳು. ಆ ಸಂದಿಗೆ ಅವಳು ಪ್ರತಿ ವರ್ಷವೂ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತಿದ್ದಳು. ಬತೂಲಳಿಗೆ ಅದು ಈಗ ನೆನಪಾಯಿತು.

ಮಧ್ಯಾಹ್ನ ನಾಲ್ವರೂ ಹರಿವಾಣದ ಸುತ್ತ ಕೂತರು. ದೋಸೆಯಂಥ ಜೋಳದ ತೆಳ್ಳನೆ ಕಿಸ್ರಾ, ಒಣಬೆಂಡೆ ಪುಡಿ ಹಾಕಿದ ಲೋಳೆ ಸಾರು, ಈರುಳ್ಳಿ. ಬಾಬಿಕರ್ ನದಿ ದಾಟಿಸುವ ದೊಡ್ಡ ದೋಣಿಯಲ್ಲಿ ಚೀಟಿ ಹರಿಯುವವನು. ಬಿಸಿಲಿಗೆ ಮುಖ ಕಪ್ಪಿಟ್ಟು ಬಂದಿದ್ದ.

"ದೊಡ್ಡ ಕೋಣೆಗೆ ಗೆದ್ದಲು ಹತ್ತಿದೆ," ಎಂದಳು ಬತೂಲ್.

"ಗೋಡೆಗಾ?"

"ಗೋಡೆಯಿಂದ ತೊಲೆಗೆ."

ಬಾಬಿಕರ್ ನಕ್ಕ. "ಅಪ್ಪ ಹಾಕಿದ ತೊಲೆ ಕರಿಜಾಲಿ ಕಣೇ. ಗೆದ್ದಲಿನ ಹಲ್ಲು ಮುರಿಯುತ್ತೆ. ಊರಿಗೇ ಗೊತ್ತು."

"ಊರೇನು ನಮ್ಮ ಗೋಡೆ ಕೆರೆದು ನೋಡಿದೆಯಾ?"

"ನಿನಗೆ ತಗಡಿನ ಸೂರು ಬೇಕು. ನಾಲ್ಕು ವರ್ಷದ ಹಿಂದೆ ಸೂರು ಸೋರುತ್ತೆ ಅಂದೆ, ಸೋರಲಿಲ್ಲ. ಈಗ ಗೆದ್ದಲು ಹುಟ್ಟಿಸಿದೀಯ."

"ಅಮ್ಮಂಗೆ ನನ್ನ ಮದುವೆ ಮುಗಿಯೋ ತನಕ ಏನಾದರೊಂದು ಬೇಕು ಅಪ್ಪಾ," ಎಂದಳು ಇಖ್ಲಾಸ್. "ಹೋದ ವಾರ ಚೇಳು, ಈ ವಾರ ಗೆದ್ದಲು. ಬರೋ ವಾರ ನದಿಯಿಂದ ಮೊಸಳೆ ಎದ್ದು ಬರುತ್ತೆ."

"ನಗು ನಗು. ಆ ತೊಲೆ ಕೆಳಗೆ ಮಲಗೋಳು ನೀನೇ."

ಮಾತು ಅಲ್ಲಿಗೆ ತಿರುಗಿದಾಗ ಎಲ್ಲರೂ ತೋಮಾಳ ಕಡೆ ನೋಡಿದರು. ಅವಳು ಕಿಸ್ರಾದ ಚೂರಿನಿಂದ ಹರಿವಾಣದ ಅಂಚಿನ ಸಾರನ್ನು ಒರೆಸುತ್ತ, "ಉಪ್ಪು ಕಮ್ಮಿ," ಎಂದಳು.

ಅಂದಿನಿಂದ ಬತೂಲಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಕಿಸ್ರಾ ಹುಯ್ದು ಎದ್ದು ಹೋಗುವಳು, ಕಿಸ್ರಾ ಸೀಯುವುದು. ಒಗೆಯಲು ನೆನೆಹಾಕಿದ ಬಟ್ಟೆ ಸಂಜೆಯ ತನಕ ನೀರಲ್ಲೇ ಇರುವುದು. ಅವಳು ದೊಡ್ಡ ಕೋಣೆಯಲ್ಲಿ ಪೆಟ್ಟಿಗೆ ಎತ್ತಿ ನೋಡುವಳು, ಚಾಪೆ ಮಗುಚಿ ನೋಡುವಳು. ಒಂದು ಚಾಪೆ ಮೇಲುಗಡೆ ಚಂದವಾಗಿತ್ತು, ಕೆಳಮೈ ಜರಡಿಯಾಗಿತ್ತು. ಗುಡಿಸಿದ ನೆಲದ ಮೇಲೆ ಮಾರನೆಯ ದಿನ ಮತ್ತೆ ಮಣ್ಣಿನ ಸಣ್ಣ ಹುಡಿ, ಸರಿಯಾಗಿ ನಡುತೊಲೆಯ ಕೆಳಗೆ. ಮದುಮಕ್ಕಳಿಗೆಂದು ಹೊಸ ಹಗ್ಗ ನೇಯಿಸಿದ ಮಂಚದ ನಾಲ್ಕು ಕಾಲಿಗೂ ಟೊಮೇಟೊ ಡಬ್ಬಿ ಇಟ್ಟು ಸೀಮೆಎಣ್ಣೆ ಹೊಯ್ದಳು. ವಾಸನೆಗೆ ತಲೆ ಸಿಡಿಯುತ್ತದೆಂದು ತೋಮಾ ಡಬ್ಬಿ ತೆಗೆಸಿದಳು. ಬತೂಲ್ ಮಂಚವನ್ನೇ ಜಗುಲಿಗೆ ಎಳೆದಳು. ಮಾರನೆಯ ಬೆಳಿಗ್ಗೆ ನೋಡಿದರೆ ಮಂಚ ಮತ್ತೆ ಒಳಗೆ. ಅತ್ತೆ ಎಳೆದು ತಂದದ್ದೆಂದು ನೆಲದ ಗೀರೇ ಹೇಳುತ್ತಿತ್ತು. ಹೀಗೆ ಆ ಮಂಚ ಮೂರು ಸಲ ಹೊರಗೆ ಬಂತು, ಮೂರು ಸಲ ಒಳಗೆ ಹೋಯಿತು.

ಒಂದು ದಿನ ಅವಳು ಬಾಗಿಲ ಚೌಕಟ್ಟಿಗೆ ಕಿವಿಯಿಟ್ಟು ನಿಂತಿದ್ದಾಗ ಇಖ್ಲಾಸ್ ಬಂದಳು. ಮದುಮಗಳು ಬಿಸಿಲು ಕಾಣಬಾರದೆಂದು ಅವಳನ್ನು ಒಳಗೇ ಕೂರಿಸಿದ್ದರು. ಬೇಸರಕ್ಕೆ ಮನೆಯಲ್ಲೇ ಗಿರಗಿರ ಸುತ್ತುತ್ತಿದ್ದಳು.

"ಏನಮ್ಮಾ, ಬಾಗಿಲು ಮಾತಾಡುತ್ತಾ?"

"ಮಾತಾಡುತ್ತೆ. ಬಾ, ನೀನೇ ಕೇಳು."

ಇಖ್ಲಾಸ್ ನಗುತ್ತಲೇ ಕಿವಿಯಿಟ್ಟಳು. ಬತೂಲ್ ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಕುಟ್ಟಿದಳು. ಒಣ ಸೋರೆಬುರುಡೆ ಕುಟ್ಟಿದ ಸದ್ದು. ಆಮೇಲೆ ಒಳಗಿನಿಂದ ಟಿಕ್ ಟಿಕ್ ಟಿಕ್ ಎಂದು, ತರಗೆಲೆಯ ಮೇಲೆ ತುಂತುರು ಬಿದ್ದ ಹಾಗೆ. ಇಖ್ಲಾಸಳ ನಗು ನಿಂತಿತು.

"ಅಮ್ಮಾ, ಇದು ಬರೀ ಬಾಗಿಲು ತಾನೆ?"

"ಬಾಗಿಲಾದರೆ ನೆಟ್ಟಗೆ ನಿಂತಿರುತ್ತೆ. ತೊಲೆ ಮಲಗಿಕೊಂಡಿದೆ, ನಿನ್ನ ತಲೆ ಮೇಲೆ."

ಮದುವೆಗೆ ಐದು ವಾರ ಇದ್ದಾಗ ಮದುಮಗಳ ಹೊಗೆ ಶುರುವಾಯಿತು. ಅಡುಗೆಗುಡಿಸಲಿನ ಮೂಲೆಯ ಕುಣಿಯಲ್ಲಿ ಪರಿಮಳದ ತಲ್ಹಾ ಕಟ್ಟಿಗೆಯ ಕೆಂಡ ಮಾಡಿ, ಕಂಬಳಿ ಹೊದ್ದು, ದಿನಕ್ಕೊಂದು ಹೊತ್ತು ಇಖ್ಲಾಸ್ ಅದರ ಮೇಲೆ ಕೂರಬೇಕು. ಮೈ ಜೇನಿನ ಬಣ್ಣಕ್ಕೆ ತಿರುಗಬೇಕು, ಬೆವರೂ ಘಮಘಮ ಅನ್ನಬೇಕು. ಮದುವೆಯಾದ ಮೇಲೂ ಗಂಡನಿಗೆಂದು ಹೆಂಗಸರು ಹೀಗೆ ಕೂರುವುದುಂಟು. ಆ ಕಟ್ಟಿಗೆಯನ್ನು ಎರಡು ತಿಂಗಳ ಹಿಂದೆಯೇ ತರಿಸಿ, ಬಂದುಹೋಗುವವರ ಕಣ್ಣು ಬೀಳದಿರಲೆಂದು ದೊಡ್ಡ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿ ಒಟ್ಟಿ ಚಾಪೆ ಮುಚ್ಚಿದವಳು ಬತೂಲಳೇ. ಮೇಲಿನ ಸಾಲು ಮುಗಿದ ದಿನ ತಳದ ಕಟ್ಟಿಗೆಗೆ ಕೈ ಹಾಕಿದಳು. ಬೆಂಡಿನ ಹಾಗೆ ಹಗುರಾಗಿ ಮೇಲೆದ್ದಿತು. ಮುರಿದರೆ ಒಳಗೆ ಒದ್ದೆ ಮಣ್ಣು, ಮಣ್ಣಿನ ತುಂಬ ಹುಳು.

"ಅಯ್ಯೋ, ನಾನೇ ತಂದು ಉಣಬಡಿಸಿದೆನಲ್ಲ!" ಎಂದು ಅವಳು ಕೂಗಿದ್ದು ಅಂಗಳದ ತನಕ ಕೇಳಿತು.

ಊಟದ ಹೊತ್ತಿಗೆ ತೋಮಾ ತಾನಾಗಿಯೇ ಬಾಯಿಬಿಟ್ಟಳು. "ಗೆದ್ದಲು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ ಬಾಬಿಕರ್. ನಿನ್ನ ಹೆಂಡತಿ ಸೌದೆ ಜೊತೆ ಹೊತ್ತುಕೊಂಡು ಬಂದದ್ದು. ಸೌದೆ ಹೊರಗೆ ಹಾಕಿದರೆ ಅದೂ ಹೊರಗೆ."

"ನಾನು ಅವತ್ತು ಹೇಳಿದಾಗ ನೀರಿನ ಗೆರೆ ಅಂದ್ರಿ ಅತ್ತೆ."

"ಅಂದೆ. ನೀನು ಸೌದೆ ಒಟ್ಟಿದ್ದು ನನಗೇನು ಗೊತ್ತಿತ್ತು?"

"ಒಟ್ಟಿದ ದಿನ ನೀವೇ ಚಾಪೆ ಕೊಟ್ಟಿರಿ."

"ಸಾಕು," ಎಂದ ಬಾಬಿಕರ್. "ಮದುವೆ ಮನೇಲಿ ಸೌದೆಗೆ ಜಗಳ. ಬತೂಲ್, ತಪ್ಪು ಮಾಡಿದೀಯ, ಒಪ್ಪಿಕೋ. ನಾಳೆ ಎಲ್ಲಾ ಬಿಸಿಲಿಗೆ ಹಾಕು."

ಬತೂಲ್ ಎದ್ದು ನೀರು ತರಲು ಹೋದಳು. ಮಡಕೆ ತುಂಬಿಯೇ ಇತ್ತು. ಆದರೂ ಹೋದಳು. ಆ ವಾರವೆಲ್ಲ ನೆರೆಮನೆಯವರೂ ಅವಳನ್ನು ಕಂಡಾಗ, "ಏನಮ್ಮಾ, ಸೌದೆ ಒಣಗಿತಾ?" ಎನ್ನುತ್ತಿದ್ದರು. ಯಾರ ಬಾಯಿಂದ ಸುದ್ದಿ ಹೋಯಿತೋ, ಹೋಗಿತ್ತು.

ಸೌದೆ ಹೊರಗೆ ಬಂದ ಮೇಲೂ ತೊಲೆಯ ಕೆಳಗೆ ಮಣ್ಣಿನ ಹುಡಿ ಬೀಳುವುದು ನಿಲ್ಲಲಿಲ್ಲ.

ಮೊದಲ ಮಳೆ ಒಂದು ಸಂಜೆ ಬಂತು. ಮೊದಲು ಕೆಂಧೂಳು, ಆಮೇಲೆ ಮುಕ್ಕಾಲು ಗಂಟೆ ದಪ್ಪ ಹನಿ. ಮರುದಿನ ಬೆಳಕು ಹರಿಯುವಾಗ ಹಾಲಿನ ಚಹಾಕ್ಕೆ ಒಲೆ ಹಚ್ಚಲೆಂದು ಎದ್ದ ಬತೂಲಳಿಗೆ ದೊಡ್ಡ ಕೋಣೆಯಲ್ಲಿ ಪೊರಕೆಯ ಸದ್ದು ಕೇಳಿತು. ಹೋಗಿ ನೋಡಿದಳು. ತೋಮಾ ಬಗ್ಗಿ ಗುಡಿಸುತ್ತಿದ್ದಳು. ನೆಲದ ತುಂಬ ರೆಕ್ಕೆಗಳು, ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಸಾವಿರಾರು. ಕಿಟಕಿ ಮುಚ್ಚಿತ್ತು, ದೀಪ ಹಚ್ಚಿರಲಿಲ್ಲ. ಹೊರಗಿನಿಂದ ಬಂದವಲ್ಲ. ಹೊಸದಾಗಿ ಮೆತ್ತಿದ ಆ ಸಂದಿನಲ್ಲೇ ಸಣ್ಣ ಸಣ್ಣ ತೂತುಗಳಾಗಿದ್ದವು. ತೋಮಾ ರೆಕ್ಕೆಗಳನ್ನು ಮೊರಕ್ಕೆ ತುಂಬಿ, ಮೈಗೆ ಸುತ್ತಿದ ತೋಬಿನ ಸೆರಗನ್ನು ಅದರ ಮೇಲೆ ಮುಚ್ಚಿಕೊಂಡು ತಿರುಗಿದರೆ ಬಾಗಿಲಲ್ಲಿ ಸೊಸೆ.

ಬತೂಲ್ ಬಾಗಿಲು ಬಿಟ್ಟು ಸರಿಯಲಿಲ್ಲ.

"ಎಷ್ಟು ವರ್ಷದಿಂದ ಗುಡಿಸ್ತಾ ಇದ್ದೀರಿ ಅತ್ತೆ?"

"ದಾರಿ ಬಿಡು."

"ಪ್ರತಿ ವರ್ಷ ಮೊದಲ ಮಳೆ ಮಾರನೇ ದಿನ ನನಗಿಂತ ಮುಂಚೆ ಏಳ್ತೀರಿ. ನಮಾಜಿಗೆ ಅಂದುಕೊಂಡಿದ್ದೆ."

"ನಮಾಜೂ ಮಾಡ್ತೀನಿ."

"ಸೌದೆ ನೆಪ ಹೇಳಿ ಊರೆಲ್ಲ ನನ್ನ ಆಡಿಕೊಳ್ಳೋ ಹಾಗೆ ಮಾಡಿದ್ರಲ್ಲ."

ತೋಮಾ ಮೊರವನ್ನು ಇನ್ನಷ್ಟು ಒತ್ತಿ ಹಿಡಿದಳು. ಮೊರ ವಾಲಿ ನಾಲ್ಕು ರೆಕ್ಕೆ ಕೆಳಗೆ ಬಿದ್ದವು. "ಮದುವೆ ಒಂದು ಮುಗೀಲಿ ಬತೂಲ್. ಆಮೇಲೆ ನೋಡೋಣ."

"ಮದುವೆ ಮುಗಿದ ಮೇಲೆ ಅವಳು ಮಲಗೋದು ಎಲ್ಲಿ? ನೀವು ಹೇಳ್ತೀರೋ, ನಾನು ಹೇಳ್ಲೋ?"

"ಹೇಳು. ನಿನ್ನ ಮಾತು ಈ ಮನೇಲಿ ಯಾರು ನಂಬ್ತಾರೆ?"

ಹೀಗೆಂದು ಅವಳು ಅಡುಗೆಗುಡಿಸಲಿಗೆ ಹೋಗಿ ಮೊರವನ್ನು ಒಲೆಗೆ ಬಗ್ಗಿಸಿದಳು. ರೆಕ್ಕೆಗಳು ಚಟಪಟ ಅಂದು ಒಂದು ಕ್ಷಣದಲ್ಲಿ ಇಲ್ಲವಾದವು. ಬತೂಲ್ ಅದೇ ಒಲೆಯ ಮೇಲೆ ಚಹಾ ಇಟ್ಟಳು. ಬಾಬಿಕರ್ ಎದ್ದು ಬಂದಾಗ ಹೇಳಿಯೂ ಹೇಳಿದಳು. ಅವನು ಚಹಾ ಲೋಟ ಅರ್ಧಕ್ಕೇ ಇಟ್ಟು, "ಮಳೆ ಬಂದ ಮೇಲೆ ಹಾತೆ ಏಳದ ಊರು ಯಾವುದಿದೆ? ಯುಮ್ಮಾ, ರೆಕ್ಕೆ ಇತ್ತಾ?" ಎಂದು ತಾಯಿಯನ್ನು ಕೂಗಿ ಕೇಳಿದ.

"ನಾಲ್ಕು ಇದ್ದವು," ಎಂದಳು ತೋಮಾ ಒಳಗಿನಿಂದ.

ಅಂದಿನಿಂದ ಅತ್ತೆ ಸೊಸೆಯರ ನಡುವೆ ಮಾತು ನಿಂತಿತು. ಬೇಕಾದ್ದನ್ನು ಇಖ್ಲಾಸಳ ಮೂಲಕ ಹೇಳಿ ಕಳಿಸುವರು. "ನಿನ್ನ ಹಬೂಬಾಗೆ ಕೇಳು, ಶುಂಠಿ ಎಲ್ಲಿಟ್ಟಿದಾರೆ ಅಂತ." "ನಿಮ್ಮಮ್ಮಂಗೆ ಹೇಳು, ಕಣ್ಣು ಬಿಟ್ಟು ನೋಡಿದರೆ ಕಾಣುತ್ತೆ ಅಂತ." ಇಬ್ಬರೂ ಒಂದೇ ಒಲೆಯ ಎದುರು ಕೂತಿರುವರು. ಇಖ್ಲಾಸ್ ನಡುವೆ ನಿಂತು, "ನಾನೇನು ಅಂಚೆಯವಳಾ?" ಎಂದು ರೇಗುವಳು.

ಮದುವೆಗೆ ಹದಿಮೂರು ದಿನ ಇದ್ದಾಗ ಗಂಡಿನ ತಾಯಿ ಸಿತ್ತನಾ ಮದುಮಕ್ಕಳ ಕೋಣೆ ನೋಡಲು ಬಂದಳು. ಅವಳು ಹಸಬಲ್ಲಾನ ಕಡೇ ತಮ್ಮ ಇದ್ರೀಸನ ಹೆಂಡತಿ, ತೋಮಾಳಿಗೆ ಓರಗಿತ್ತಿ. ಒಂದೇ ಮನೆತನದೊಳಗೆ ಹೆಣ್ಣು ಕೊಟ್ಟು ತರುವುದು ಅಲ್ಲಿ ವಾಡಿಕೆ. ಇಬ್ಬರದೂ ಮೊದಲಿನಿಂದ ನಗುನಗುತ್ತಲೇ ಚುಚ್ಚಿಕೊಳ್ಳುವ ನಂಟು. ಕತ್ತೆಗಾಡಿಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಹೇರಿಸಿಕೊಂಡು ಬಂದಿದ್ದಳು. ಬಂದರಿನಲ್ಲಿ ಕೆಲಸಕ್ಕಿದ್ದ ಅವಳ ಮಗ ಮಾಮೂನ್ ಕಳಿಸಿದ ಸೂರಿನ ಫ್ಯಾನು. ಆ ಕೇರಿಗೆ ವಿದ್ಯುತ್ತು ಬಂದು ಎರಡು ವರ್ಷವಾಗಿತ್ತಷ್ಟೆ. ಸೂರಿಗೆ ನೇತುಹಾಕುವ ಫ್ಯಾನು ಇನ್ನೂ ಯಾರ ಮನೆಯಲ್ಲೂ ಇರಲಿಲ್ಲ.

ಶುಂಠಿ ಕಾಫಿಯಾಯಿತು. ಸಿತ್ತನಾ ಕತ್ತೆತ್ತಿ ಡಾಂಬರಿನಿಂದ ಕರ್ರಗಿದ್ದ ತೊಲೆಯನ್ನು ನೋಡಿದಳು.

"ಇದೇನಾ ಅಕ್ಕ, ಆ ಕರಿಜಾಲಿ? ನನ್ನ ಗಂಡ ಇದರ ಹೆಸರು ಹೇಳದೆ ಊಟಕ್ಕೆ ಕೂರೋದಿಲ್ಲ. ನಮ್ಮಣ್ಣನ ಮನೆ ಕರಿಜಾಲಿ, ನಿಮ್ಮಪ್ಪನ ಮನೆ ಖರ್ಜೂರದ ದಿಂಡು ಅಂತ."

"ಇದೇ ಚಿಕ್ಕಮ್ಮಾ," ಎಂದ ಬಾಬಿಕರ್. ಎದೆ ಉಬ್ಬಿತ್ತು. "ಫ್ಯಾನೇನು, ಒಂಟೆ ನೇತುಹಾಕಿದರೂ ಅಲ್ಲಾಡೋದಿಲ್ಲ. ಈಗಲೇ ಕೊಕ್ಕೆ ಹಾಕ್ತೀನಿ, ನೋಡಿಕೊಂಡೇ ಹೋಗಿ."

"ಬೇಡ," ಎಂದಳು ಬತೂಲ್.

"ಶುರುವಾಯ್ತು," ಎಂದ ಬಾಬಿಕರ್. ಮೇಜನ್ನು ಮಂಚದ ಪಕ್ಕಕ್ಕೆ ಎಳೆದು ಹತ್ತಿದ.

ಬೈರಿಗೆಯ ಮೊನೆಯನ್ನು ತೊಲೆಗಿಟ್ಟು ತಿರುಗಿಸಿದ. ಕರಿಜಾಲಿಗೆ ಬೈರಿಗೆ ಹಾಕಿದರೆ ಕೀರಲು ಸದ್ದು ಬೀದಿಗೆ ಕೇಳಬೇಕು, ತಿರುಗಿಸುವವನ ಬೆವರು ಇಳಿಯಬೇಕು. ಇಲ್ಲಿ ಮೇಲಿನ ಡಾಂಬರು ಒಡೆದ ಮೇಲೆ ಬೈರಿಗೆ ಮಾಗಿದ ಖರ್ಜೂರಕ್ಕೆ ಸೂಜಿ ಚುಚ್ಚಿದ ಹಾಗೆ ಸರ್ರನೆ ಹಿಡಿಯ ತನಕ ಹೋಯಿತು. ಸದ್ದೇ ಇಲ್ಲ. ಹೊರಗೆಳೆದಾಗ ಮರದ ಹೊಟ್ಟು ಬರಲಿಲ್ಲ. ಒದ್ದೆ ಮಣ್ಣು ಬಂತು. ಸಿತ್ತನಾಳ ಬಿಳಿ ತೋಬಿನ ಮೇಲೆ ಒಂದು ಹಿಡಿ ಬಿತ್ತು.

"ಹಳೇ ಡಾಂಬರು," ಎಂದ ಬಾಬಿಕರ್. ಅವನ ದನಿ ಸ್ವಲ್ಪ ತಗ್ಗಿತ್ತು. ಆದರೂ ಕೊಕ್ಕೆಯನ್ನು ತಿರುಪಿದ. "ಇಖ್ಲಾಸ್, ಮಂಚದ ಮೇಲೆ ಹತ್ತಿ ಫ್ಯಾನನ್ನು ಎತ್ತಿ ಹಿಡಿ ಮಗಳೇ."

ಇಖ್ಲಾಸ್ ತಾಯಿಯ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಮಂಚ ಹತ್ತಿ ತೊಲೆಯ ಕೆಳಗೆ ನಿಂತು ಎರಡೂ ಕೈಯಲ್ಲಿ ಫ್ಯಾನಿನ ಗುಂಡನ್ನು ಎತ್ತಿದಳು. ಬತೂಲ್ ಮುಂದೆ ನುಗ್ಗಿ ಮಗಳ ತೋಳು ಹಿಡಿದಳು.

"ಬಿಡೇ ಅವಳನ್ನ!" ಎಂದು ಬಾಬಿಕರ್ ಗದರಿದ.

"ಇಳಿ, ಬಾಬಿಕರ್."

ಹೇಳಿದವಳು ತೋಮಾ. ಕಾಫಿ ಬಟ್ಟಲು ಕೆಳಗಿಟ್ಟು ಎದ್ದು ನಿಂತಿದ್ದಳು.

"ಯುಮ್ಮಾ, ಎರಡೇ ನಿಮಿಷ."

"ಇಳಿ ಅಂದೆ. ಇಖ್ಲಾಸ್, ನೀನೂ ಇಳಿ. ಅದು ಕರಿಜಾಲಿ ಅಲ್ಲ."

ಬಾಬಿಕರ್ ಮೇಜಿನ ಮೇಲೇ ನಿಂತಿದ್ದ. "ಏನು ಅಲ್ಲ?"

"ನದಿಯಲ್ಲಿ ತೇಲಿ ಬಂದ ಮರ. ಯಾವ ಮರವೋ, ಯಾವ ದೇಶದ್ದೋ, ನಿಮ್ಮಪ್ಪಂಗೂ ಗೊತ್ತಿರಲಿಲ್ಲ. ಕರಿಜಾಲಿ ಸೂರು ಹಾಕಿಸೋ ತನಕ ಮಗಳನ್ನ ನಿನ್ನ ಮನೆಗೆ ಕಳಿಸೋಲ್ಲ ಅಂತ ನನ್ನಪ್ಪ ಪಟ್ಟು ಹಿಡಿದಿದ್ದ. ಕರಿಜಾಲಿಗೆ ಇವರ ಹತ್ತಿರ ಏನಿತ್ತು? ಆ ವರ್ಷ ನೆರೆ ಬಂತು. ನೆರೆಯಲ್ಲಿ ಈ ದಿಂಡು ಬಂತು. ಒಬ್ಬರೇ ಈಜಿ ಎಳೆದು ತಂದು, ದೋಣಿಗೆ ಬಳಿಯೋ ಡಾಂಬರು ಬಳಿದು, ಕರಿಜಾಲಿ ಅಂದ್ರು. ಅಪ್ಪ ಬಂದು ಕತ್ತೆತ್ತಿ ನೋಡಿ, ಮಾಷಾ ಅಲ್ಲಾ ಅಂದು ನನ್ನ ಬಿಟ್ಟು ಹೋದ."

ತೋಮಾ ಕೋಣೆಯ ಮೂಲೆಗೆ ಹೋದಳು. ಅಲ್ಲಿ ನೆಲದ ಮೇಲೆ ಒಡೆದ ಬೀಸುವ ಕಲ್ಲೊಂದು ಬಿದ್ದಿತ್ತು. ಬತೂಲ್ ಎಷ್ಟೋ ಸಲ ಅದರ ಸುತ್ತ ಗುಡಿಸಿದ್ದಳು. ತೋಮಾ ಅದನ್ನು ಕಾಲಿನಿಂದ ತಳ್ಳಿದಳು. ಕೆಳಗೆ ಹೊಗೆಯ ಕುಣಿ, ಅಂಚು ಇನ್ನೂ ಕರ್ರಗಿತ್ತು.

"ನಾನು ಈ ಮನೆಗೆ ಬಂದು ನಲವತ್ತು ದಿನ ಆದ ಮೇಲೆ ಇವರು ನನ್ನ ಹತ್ತಿರ ನಿಜ ಹೇಳಿದರು. ನಾನು ಅತ್ತುಬಿಟ್ಟೆ. ಆಗ ಇವರು ನಗ್ತಾ ಹೇಳಿದ್ದು, ಹೆದರಬೇಡ, ನೀನು ಹೊಗೆಗೆ ಕೂತಷ್ಟು ದಿನ ಈ ಸೂರು ನಿಲ್ಲುತ್ತೆ ಅಂತ. ಕೂತೆ. ಎರಡು ದಿನಕ್ಕೊಮ್ಮೆ, ಇವರು ಇರೋ ತನಕ. ತೊಲೆ, ಜಂತೆ, ಚಾಪೆ ಎಲ್ಲ ಹೊಗೆ ಕುಡೀತು. ಒಂದು ಹುಳ ಹತ್ತಿರ ಸುಳೀಲಿಲ್ಲ. ಇವರು ಹೋದ್ರು. ಗಂಡ ಸತ್ತವಳು ಹೊಗೆಗೆ ಕೂರೋದು ಎಲ್ಲಿದೆ? ಕಲ್ಲು ಮುಚ್ಚಿದೆ. ಮಾರನೇ ವರ್ಷ ಮೊದಲ ಗೆರೆ ಕಂಡಿತು."

"ಹೇಳಬಾರದಿತ್ತಾ ಯುಮ್ಮಾ?" ಎಂದ ಬಾಬಿಕರ್.

"ಯಾರಿಗೆ ಹೇಳ್ಲಿ? ದೋಣಿ ಹತ್ತಿದವರಿಗೆಲ್ಲ ಅಪ್ಪನ ಕರಿಜಾಲಿ ಅಂತ ನೀನೇ ಸಾರಿಕೊಂಡು ಬಂದೆ. ಸತ್ತವರನ್ನ ಸುಳ್ಳುಗಾರ ಅನ್ನಿಸಲಾ? ಮಣ್ಣು ಮೆತ್ತಿದೆ. ಮೆತ್ತಿದ್ದನ್ನೂ ಅವೇ ತಿಂದವು." ಅವಳು ಬತೂಲಳ ಕಡೆ ಕೈ ತೋರಿಸಿದಳು, ಮುಖ ಮಾತ್ರ ಸಿತ್ತನಾಳ ಕಡೆಗಿತ್ತು. "ಇವಳು ಸೌದೆ ತಂದು ಮೂರು ತಿಂಗಳು. ಈ ಹುಳ ನನ್ನ ಜೊತೆ ಹದಿನೇಳು ವರ್ಷದಿಂದ ಇದೆ. ಸೌದೆ ವಿಷಯ ನಿನ್ನ ಕಿವಿಗೂ ಬಿದ್ದಿರುತ್ತೆ ಸಿತ್ತನಾ. ಹೋಗ್ತಾ ದಾರಿಯಲ್ಲಿ ಸಿಕ್ಕವರಿಗೆ ಇದನ್ನೂ ಹೇಳಿಕೊಂಡು ಹೋಗು."

ಸಿತ್ತನಾ ತೋಬಿನ ಮೇಲಿನ ಮಣ್ಣನ್ನು ಕೊಡವಿದಳು. ಏನೋ ಕುಹಕ ಬರುತ್ತದೆಂದು ಬತೂಲ್ ಕಾದಳು.

"ಮೂವತ್ತು ವರ್ಷ ಅಕ್ಕ," ಎಂದಳು ಸಿತ್ತನಾ. "ಮೂವತ್ತು ವರ್ಷ ಆ ಮನುಷ್ಯ ನನ್ನಪ್ಪನ ಖರ್ಜೂರದ ದಿಂಡನ್ನ ಆಡಿಕೊಂಡಿದ್ದಾನೆ. ಬರ್ಲಿ ಇವತ್ತು ಊಟಕ್ಕೆ!"

ಮೊದಲು ನಕ್ಕವಳು ಇಖ್ಲಾಸ್. ಆಮೇಲೆ ಸಿತ್ತನಾಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ತೋಮಾ ನಗಲಿಲ್ಲ. ಬೀಸುವ ಕಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಬಾಬಿಕರ್ ಬೈರಿಗೆ ಹಿಡಿದುಕೊಂಡು ಮೇಜಿನಿಂದ ಇಳಿದ. ಸುಮಾರು ಹೊತ್ತು ಅದರ ಮೊನೆಯ ಮಣ್ಣನ್ನೇ ಒರೆಸುತ್ತಿದ್ದ.

ಮಾರನೆಯ ದಿನವೇ ಸೂರು ಬಿಚ್ಚಿಸಿದರು. ನಡುತೊಲೆಗೆ ಹಗ್ಗ ಕಟ್ಟಿ ಇಳಿಸುವಾಗ ಅರ್ಧ ದಾರಿಯಲ್ಲೇ ಅದು ತನ್ನ ಭಾರಕ್ಕೆ ತಾನೇ ಮುರಿಯಿತು. ಮುರಿದದ್ದು ಮಂಚ ಇದ್ದ ಜಾಗಕ್ಕೆ ಬಿತ್ತು. ಹೊರಗೆ ಬೆರಳು ದಪ್ಪದ ಕಪ್ಪು ಸಿಪ್ಪೆ, ಒಳಗೆಲ್ಲ ಗೂಡು. ಮಂಚ ಜಗುಲಿಯಲ್ಲಿತ್ತು. ಈ ಸಲ ಅದನ್ನು ಹೊರಗೆಳೆದವರು ಇಬ್ಬರು, ಬತೂಲ್ ಒಂದು ಕಡೆ, ತೋಮಾ ಒಂದು ಕಡೆ. ಬಾಬಿಕರ್ ಆ ಸಿಪ್ಪೆಯನ್ನು ಕೈಯಲ್ಲಿ ಹಿಡಿದು, "ಡಾಂಬರು ಮಾತ್ರ ಚೆನ್ನಾಗಿ ಬಳಿದಿದ್ದ ಮಾರಾಯ," ಎಂದ. ಆ ವಾರ ಅವನು ಹೆಂಡತಿಯ ಮುಖ ನೋಡಿ ಮಾತಾಡಲಿಲ್ಲ. ಆದರೆ ಕೆಲಸದಿಂದ ಬರುವಾಗ ಎರಡು ಸಲ ನದಿಯ ಮೀನು ತಂದ. ಸಾರು ಸೀದಿದ್ದ ದಿನವೂ ಬಾಯಿಬಿಡದೆ ಉಂಡ.

ರೈಲಿನವರು ಕಿತ್ತುಹಾಕಿದ ಎರಡು ಹಳೇ ಕಂಬಿಗಳನ್ನು ಸಿತ್ತನಾಳ ಗಂಡ ಇದ್ರೀಸನೇ ಅತ್ಬರಾ ಪಟ್ಟಣದಿಂದ ಲಾರಿಯಲ್ಲಿ 'ಅಣ್ಣನ ಮಾನಕ್ಕೆ' ಎಂದು ಹೇಳಿ ತಂದ. ಅವು ಬರುವ ತನಕ ನಾಲ್ಕು ದಿನ ಕೋಣೆಗೆ ಆಕಾಶವೇ ಸೂರು. ಆ ನಾಲ್ಕು ದಿನ ಇಖ್ಲಾಸಳ ಹೊಗೆಯನ್ನು ಅಡುಗೆಗುಡಿಸಲಿನಿಂದ ಎಬ್ಬಿಸಿ ಅಜ್ಜಿಯ ಹಳೆಯ ಕುಣಿಗೆ ತಂದರು. ತೋಮಾಳೇ ಕುಣಿಯನ್ನು ತೋಡಿ, ಬೂದಿ ತೆಗೆದು, ಕೆಂಡ ಮಾಡಿಕೊಟ್ಟಳು.

"ಕಂಬಿ ಕಬ್ಬಿಣ ಹಬೂಬಾ, ಅದಕ್ಕ್ಯಾಕೆ ಹೊಗೆ?"

"ಕಂಬಿ ಮೇಲೆ ಜಂತೆ ಬರುತ್ತೆ, ಜಂತೆ ಮೇಲೆ ಚಾಪೆ. ಎಲ್ಲಾ ಕಬ್ಬಿಣದ್ದಾ? ಅವನು ಊರಲ್ಲಿ ಇರಲಿ, ಬಂದರಲ್ಲಿ ಇರಲಿ, ಈ ಕುಣಿ ತಣ್ಣಗಾಗೋಕೆ ಬಿಡಬೇಡ."

"ಅವನಿಲ್ಲದಾಗ ಯಾರಿಗೆ ಅಂತ ಕೂರಲಿ?"

"ಸೂರಿಗೆ."

ಹೇಳಿ ಅವಳು ಬಾಗಿಲಲ್ಲಿ ಕೂತಳು. ಗಾಳಿ ತಿರುಗಿ ಹೊಗೆ ಅವಳ ಬಿಳಿ ತೋಬಿನ ಮೇಲೆ ಬಂತು. ಬತೂಲ್ ಒಳಗೆ ಹೋಗುತ್ತ ನೋಡಿದಳು. ಅತ್ತೆ ಜಾಗ ಬದಲಿಸಲಿಲ್ಲ.

ಕಂಬಿ ಕೂತು ಸೂರು ಮುಚ್ಚಿದ ಮೇಲೆ ಗೋಡೆಯನ್ನು ಮತ್ತೆ ಮೆತ್ತಬೇಕಾಯಿತು. ತೋಮಾ ಬಾಂಡಲಿ ತುಂಬಿದಳು. ಎತ್ತಲಿಕ್ಕೆಂದು ಬತೂಲ್ ಬಗ್ಗಿದರೆ ಅವಳ ಕೈಯನ್ನು ತಳ್ಳಿ, ತಾನೇ ಬಾಂಡಲಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ನೀನು ಮೆತ್ತು. ನನ್ನ ಹೆಬ್ಬೆರಳು ನೋಯುತ್ತೆ."

ಬತೂಲ್ ಕೈ ತೊಳೆದುಕೊಂಡು ಬಂದು ಮೆತ್ತಿದಳು. ಅತ್ತೆಯಷ್ಟು ನುಣುಪು ಬರಲಿಲ್ಲ. ಅಲ್ಲಲ್ಲಿ ಬೆರಳಿನ ಗುರುತು ಉಳಿಯಿತು. ನೆಲದಿಂದ ಒಂದು ಗೇಣು ಎತ್ತರದ ತನಕ ಗೋಡೆಯ ಸುತ್ತಲೂ ಮೆತ್ತದೆ ಬರಿದಾಗಿ ಬಿಟ್ಟಳು. ಕಂಬಿ ಗೋಡೆ ಸೇರುವ ಸಂದನ್ನೂ ಮುಚ್ಚಲಿಲ್ಲ.

"ಅರ್ಧಂಬರ್ಧ ಕೆಲಸ," ಎಂದಳು ತೋಮಾ.

"ಹತ್ತಿದರೆ ಕಾಣಬೇಕಲ್ಲ ಅತ್ತೆ."

"ಬಂದ ನೆಂಟರಿಗೆ ಏನು ಹೇಳ್ಲಿ?"

"ಸೊಸೆಗೆ ಮೆತ್ತೋಕೆ ಬರಲ್ಲ ಅನ್ನಿ."

ತೋಮಾ ಆ ಬರಿಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಉಳಿದ ಜಿಬಾಲಾವನ್ನು ಕತ್ತೆಯ ಕೊಟ್ಟಿಗೆಯ ಕಡೆಗೆ ಹೊತ್ತುಕೊಂಡು ಹೋದಳು.

ಮದುವೆ ಆಯಿತು. ಮಾಮೂನ್ ಬಂದ. ಕಂಬಿಗೆ ಬಿಗಿದ ಫ್ಯಾನು ತಿರುಗಿತು. ನೋಡಲು ಬಂದ ಕೇರಿಯವರೆಲ್ಲ ಫ್ಯಾನನ್ನು ಬಿಟ್ಟು ಗೋಡೆಯ ಬುಡವನ್ನೇ ಬಗ್ಗಿ ನೋಡಿದರು. ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ, ಮದುಮಕ್ಕಳು ಸಿತ್ತನಾಳ ಮನೆಗೆ ಉಪಾಹಾರಕ್ಕೆ ಹೋಗಿದ್ದಾಗ, ಬತೂಲ್ ಕಿಸ್ರಾ ಹುಯ್ಯುತ್ತಿದ್ದಳು. ದೊಡ್ಡ ಕೋಣೆಯಿಂದ ತೋಮಾಳ ದನಿ ಕೇಳಿತು.

"ಬತೂಲ್! ಆ ಒಲೆ ಬಿಟ್ಟು ಇಲ್ಲಿ ಬಾರೇ!"

ಬತೂಲ್ ಹೋದಳು. ತೋಮಾ ನೆಲಕ್ಕೆ ಒಂದು ಕೈ ಊರಿ, ಮೊಣಕಾಲ ಮೇಲೆ ಕೂತು, ಗೋಡೆಯ ಬುಡಕ್ಕೆ ಮುಖ ಹಚ್ಚಿದ್ದಳು. ಇನ್ನೊಂದು ಕೈಯ ಬೆರಳು ಒಂದು ಸಣ್ಣ ಗೆರೆಯ ಮೇಲಿತ್ತು.

"ನನ್ನ ಕಣ್ಣು ಮಂಜು. ನೀನು ನೋಡಿ ಹೇಳು, ಇದು ನೀರಿನದಾ, ಗೆದ್ದಲಾ?"